ಕೋಟಿನೊಳಗಿದ್ದವನು

"ಬಾಗಿಲು ಹೊರಗಿನಿಂದ ಹಾಕಿದೆ!"

ಮಾನ್ಸಾ ಏದುಸಿರು ಬಿಡುತ್ತಾ ಓಡಿ ಬಂದಳು. ಸಿನಿಮಾ ಪರದೆಯ ಮೇಲೆ ಅವಳ ಅಪ್ಪ ಏನೂ ಆಗದವನ ಹಾಗೆ ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದ.

ಅರಬಾ ಎಸಿಲ್ಫಿ ಪರದೆಯಿಂದ ಕಣ್ಣು ಕೀಳಲಿಲ್ಲ. "ನೂಕಿ ನೋಡಿದೆಯಾ?"

"ನೂಕಿದೆ, ಒದ್ದೆ, ಕೂಗ್ದೆ. ಹೊರಗೆ ಚರ್ಚಿನವರು ಡ್ರಮ್ ಬಾರಿಸ್ತಾ ಇದಾರೆ ಆಂಟಿ. ನನ್ನ ದನಿ ನನಗೇ ಕೇಳ್ಲಿಲ್ಲ."

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಕ್ವಾಮೆನಾ ಹೇಫ್ರನ್ ಎದ್ದು ನಿಂತಿದ್ದ. ಈ ಸಿನಿಮಾದ ನಿರ್ದೇಶಕ, ಮೊನ್ನೆಮೊನ್ನೆಯವರೆಗೂ ಈ ಚಿತ್ರಮಂದಿರದ ಮಾಲೀಕ. ಈಗ ಅದನ್ನು ಚರ್ಚಿಗೆ ಮಾರಿದ್ದಾನೆ. ಎಪ್ಪತ್ತರ ಹತ್ತಿರದ ವಯಸ್ಸು, ಗರಿಗರಿ ಬಿಳಿ ಅಂಗಿ. ಬಂದಾಗಿನಿಂದ ಒಂದೇ ಸಮನೆ ಗಡಿಯಾರ ನೋಡಿಕೊಳ್ಳುತ್ತಿದ್ದವನು ಈಗ ಬಾಗಿಲ ಕಡೆ ಹೆಚ್ಚುಕಡಿಮೆ ಓಡಿಯೇ ಹೋದ.

ಕಬ್ಬಿಣದ ಬಾಗಿಲಿಗೆ ಅವನ ಮುಷ್ಟಿ ದಬದಬ ಬಡಿಯುವುದು ಕೇಳಿಸಿತು. ಡ್ರಮ್ಮಿನವರು ಅದನ್ನೂ ತಮ್ಮ ತಾಳವೆಂದುಕೊಂಡರೋ ಏನೋ, ಇನ್ನಷ್ಟು ಜೋರಾಗಿ ಬಾರಿಸಿದರು.

"ಆ ಹಳೇ ಬೀಗ!" ಹೇಫ್ರನ್ ಬೆವರು ಒರೆಸಿಕೊಳ್ಳುತ್ತಾ ಹಿಂದಿರುಗಿದ. "ಕೊಂಡಿಗೆ ನೇತುಹಾಕಿ ಬಂದಿದ್ದೆ. ಯಾರೋ ಒತ್ತಿಬಿಟ್ಟಿದಾರೆ. ಒತ್ತಿದ್ರೆ ಸಾಕು, ಕೂತ್ಬಿಡತ್ತೆ ಅದು."

"ಕೀಲಿ?"

ಅವನು ಜೇಬಿನಿಂದ ಉದ್ದನೆಯ ಕೀಲಿಯೊಂದನ್ನು ತೆಗೆದು ತೋರಿಸಿದ. "ಇಲ್ಲಿದೆ. ಒಳಗೆ. ಏನು ಪ್ರಯೋಜನ?"

ಪಕ್ಕದ ಬಾಗಿಲುಗಳಿಗೆ ಚರ್ಚಿನವರು ಆಗಲೇ ಇಟ್ಟಿಗೆ ಕಟ್ಟಿಸಿದ್ದರು. ಕಿಟಕಿ ಎಂಬುದು ಈ ಕಟ್ಟಡಕ್ಕೆ ಮೊದಲಿಂದಲೂ ಇರಲಿಲ್ಲ. ಛಾವಣಿಯ ಅಂಚಿನಲ್ಲಿ ಗಾಳಿಗೆಂದು ಬಿಟ್ಟ ತೂತುಗಳಲ್ಲಿ ಪಾರಿವಾಳ ನುಗ್ಗಬಹುದು, ಅಷ್ಟೇ. ಮೇಲೆ ತಗಡು, ಹೊರಗೆ ಬಂದರು ಊರು ಸೆಕೊಂಡಿಯ ಮಾರ್ಚ್ ತಿಂಗಳ ಮಧ್ಯಾಹ್ನ. ಚಿತ್ರಮಂದಿರದೊಳಗೆ ಉಸಿರೂ ಬಿಸಿಯಾಗಿತ್ತು.

"ಮೇಲೆ ಪ್ರೊಜೆಕ್ಟರ್ ನಡೆಸ್ತಿರೋ ಟರ್ಕ್ಸನ್‌ಗೆ ಹೇಳಿ, ಮೊದಲು ಆ ಮಿಷನ್ ನಿಲ್ಲಿಸ್ಲಿ," ಎಂದ ಹೇಫ್ರನ್. "ನಂಗೆ ಉಸಿರು ಕಟ್ತಾ ಇದೆ."

"ಬೇಡ," ಎಂದಳು ಅರಬಾ. "ಅಭ್ಯಾಸ ಮುಗಿದ ಮೇಲೆ ಡ್ರಮ್ ನಿಲ್ಲತ್ತೆ, ಯಾರಾದ್ರೂ ತೆಗೀತಾರೆ. ಹೇಗೂ ಹೋಗೋ ಹಾಗಿಲ್ಲ. ಕೂತ್ಕೊಳ್ಳಿ, ಸಿನಿಮಾ ಮುಗೀಲಿ."

ಅವಳು ಈ ಹಾಲ್‌ಗೆ ಬಂದದ್ದೇ ಅದಕ್ಕೆ. ಸಮುದ್ರಕ್ಕೆ ಬಿದ್ದು ಸತ್ತನೆಂದು ಊರೆಲ್ಲ ನಂಬಿದ್ದ ನಟ ಕೊಬಿನಾ ಬೆಂಟ್ಸಿಲ್‌ಗೆ ನಿಜವಾಗಿ ಏನಾಯಿತು ಎಂದು ಪತ್ತೆ ಮಾಡಿಕೊಡಲು ಅವನ ಮಗಳು ಮಾನ್ಸಾ ಈ ನಿವೃತ್ತ ಇನ್ಸ್‌ಪೆಕ್ಟರ್ ಅರಬಾಳನ್ನು ಕಾಡಿ ಬೇಡಿ ಒಪ್ಪಿಸಿದ್ದಳು.

ಒಪ್ಪಿಸಲು ಬಹಳ ಕಷ್ಟವೇನೂ ಆಗಿರಲಿಲ್ಲ. ಈ ಸಿನಿಮಾ, 'ಹಡಗು ಬಂದ ದಿನ', ತೆರೆಕಂಡ ಕಾಲಕ್ಕೆ ಅರಬಾ ಪೊಲೀಸ್ ತರಬೇತಿಯಲ್ಲಿದ್ದ ಹುಡುಗಿ. ಒಂದೇ ವಾರದಲ್ಲಿ ಮತ್ತೆ ಮತ್ತೆ ಹೋಗಿ ನೋಡಿದ್ದಳು. ಗೆಳತಿಯರು ನಾಯಕನಿಗಾಗಿ ಹೋಗುತ್ತಿದ್ದರು. ಅರಬಾಳಿಗೆ ಆ ನಾಯಕನ ಮುಖ ಈಗ ನೆನಪಿಗೂ ಬರುವುದಿಲ್ಲ. ಅವಳು ಹೋಗುತ್ತಿದ್ದದ್ದು ಬಂದರಿನ ವಸತಿಗೃಹದ ಮುದುಕ ಬಾಡುವನ್ನು ನೋಡಲು. ಬಾಡು ಎಂದರೆ ಬೆಂಟ್ಸಿಲ್.

ಎಷ್ಟು ಸಣ್ಣ ಪಾತ್ರ! ಅಣ್ಣನ ಕೊಲೆಗಾರನನ್ನು ಹುಡುಕುತ್ತಾ ನಾಯಕ ವಸತಿಗೃಹಕ್ಕೆ ಬರುತ್ತಾನೆ. ಮುದುಕ ಅವನಿಗೆ ಮುಸುಕಿನ ಜೋಳದ ಕೆಂಕಿ ಮುದ್ದೆ, ಹುರಿದ ಮೀನು ಬಡಿಸುತ್ತಾನೆ. "ನಿನ್ನೆ ಇಲ್ಲಿ ಯಾರು ಬಂದಿದ್ದರು?" ಎಂದು ನಾಯಕ ಮೇಜು ಗುದ್ದಿ ಕೇಳುತ್ತಾನೆ. ಮುದುಕ ಮುಳ್ಳು ಬಿಡಿಸಿ, ಒಳ್ಳೆಯ ತುಂಡನ್ನೇ ಆರಿಸಿ ಅವನ ತಟ್ಟೆಗೆ ಹಾಕುತ್ತಾ, "ಯಾರೂ ಬರ್ಲಿಲ್ಲ ಮಗಾ," ಎನ್ನುತ್ತಾನೆ. ಮುಖದಲ್ಲಿ ಏನೂ ಇಲ್ಲ. ಬೆರಳು ಮಾತ್ರ ಒಂದು ಕ್ಷಣ ಮುಳ್ಳಿನ ಮೇಲೆ ನಿಂತುಬಿಡುತ್ತದೆ.

ಬೇರೆ ಯಾವ ನಟನಾದರೂ ಅಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಕಣ್ಣು ತಪ್ಪಿಸುತ್ತಿದ್ದ. ಬೆಂಟ್ಸಿಲ್ ಹಳ್ಳಿಹಳ್ಳಿ ತಿರುಗಿ ನಾಟಕ ಆಡಿದವನು. ಕೊನೆಯ ಸಾಲಿನವನಿಗೂ ಕಾಣಲೆಂದು ಮೈಯೆಲ್ಲ ಕುಣಿಸಿ ಅಭ್ಯಾಸವಿದ್ದವನು. ಕ್ಯಾಮೆರಾದ ಮುಂದೆ ಬಂದು ಇಡೀ ಸುಳ್ಳನ್ನು ಒಂದು ಬೆರಳಿನಲ್ಲಿ ಹೇಳಿದ್ದ. ಕಳ್ಳರ ಬೆರಳು ನೋಡುವುದನ್ನು ತನಗೆ ಕಲಿಸಿದ್ದು ಇವನೇ ಎಂದು ಅರಬಾ ತನ್ನ ಕೆಲಸದ ಕಾಲವೆಲ್ಲ ಸಹೋದ್ಯೋಗಿಗಳಿಗೆ ಹೇಳುತ್ತಿದ್ದಳು. ಅವರು ನಗುತ್ತಿದ್ದರು.

"ಅಪ್ಪ ಮನೇಲೂ ಹೀಗೇ ಮುಳ್ಳು ಬಿಡಿಸ್ತಿದ್ದ," ಮಾನ್ಸಾ ಪಿಸುಗುಟ್ಟಿದಳು. "ಒಳ್ಳೆ ತುಂಡು ನಂಗೇ."

ಅಪ್ಪ ಹೋದಾಗ ಅವಳಿಗೆ ಎಂಟು ವರ್ಷ. ಈಗ ಬಂದರಿನ ರಸ್ತೆಯಲ್ಲಿ ಊಟದಂಗಡಿ ನಡೆಸುವ ಗಟ್ಟಿಗಿತ್ತಿ. ಆದರೂ ಇಂದು ಮಧ್ಯಾಹ್ನವೆಲ್ಲ ಅವಳು ಸೆರಗಿನಂಚನ್ನು ಬಾಯಿಗಿಟ್ಟುಕೊಂಡೇ ಕೂತಿದ್ದಳು.

ಪರದೆ ಒಮ್ಮೆ ಬೆಳ್ಳಗಾಗಿ ಮತ್ತೆ ಕಪ್ಪಾಯಿತು. ಮೇಲಿನ ಕಿಂಡಿಯಿಂದ ಟರ್ಕ್ಸನ್ ಕೂಗಿದ: "ಕೊನೇ ರೀಲು!"

ಅರಬಾ ಮುಂದಕ್ಕೆ ಬಾಗಿದಳು.

ಇದೇ ಆ ರೀಲು. ಆಗ ಚಿತ್ರಮಂದಿರಗಳಲ್ಲಿ ತೋರಿಸಿದ್ದು ಕೋಟು ಹಾಕಿದ ಮುದುಕ ಬೆನ್ನು ತಿರುಗಿಸಿ ಬಂದರಿನ ದಕ್ಕೆಯ ಮೇಲೆ ನಡೆದು ಹೋಗುವುದನ್ನು ಮಾತ್ರ. ಅದಕ್ಕೆ ಮುಂಚಿನ ಭಾಗವನ್ನು ಉದ್ದವಾಯಿತೆಂದು ಹೇಫ್ರನ್ ಕತ್ತರಿಸಿದ್ದ. ಕತ್ತರಿಸದ ಪ್ರತಿ ಟರ್ಕ್ಸನ್ನನ ಬಳಿ ಉಳಿದಿತ್ತು. ಆ ಬೆಳಗಿನ ಶಾಟ್ ಮುಗಿಸಿ, ಕುಡಿದು, ಅದೇ ದಕ್ಕೆಯಿಂದ ಬೆಂಟ್ಸಿಲ್ ನೀರಿಗೆ ಬಿದ್ದ. ಊರಿಗೆಲ್ಲ ಗೊತ್ತಿದ್ದ ಕಥೆ ಅದು.

ಪರದೆಯ ಮೇಲೆ ಬೆಳಗಿನ ಮಂಜು. ವಸತಿಗೃಹದ ಬಾಗಿಲು ತೆರೆಯುತ್ತದೆ. ಹಳೆಯ ನೌಕಾದಳದ ಕೋಟು, ತಲೆಗೆ ಉಣ್ಣೆ ಟೋಪಿ, ಕೈಯಲ್ಲಿ ಲಾಂದ್ರ. ಮುದುಕ ಹೊಸ್ತಿಲು ದಾಟಿ ಹೊರಗೆ ಬರುತ್ತಾನೆ. ಮುಖ ನೆರಳಿನಲ್ಲಿದೆ. ಬೆನ್ನು ತಿರುಗಿಸಿ ನಡೆಯುತ್ತಾನೆ.

"ನಿಲ್ಸು!" ಅರಬಾ ಎದ್ದು ನಿಂತಳು. "ಟರ್ಕ್ಸನ್, ಬಾಗಿಲಿಂದ ಇನ್ನೊಂದ್ಸಲ ಹಾಕಪ್ಪಾ."

ಹೇಫ್ರನ್ ಗೊಣಗಿದ. "ಮತ್ತೆ ಯಾಕೆ? ಬೆಂದುಹೋಗ್ತಾ ಇದೀವಿ ಇಲ್ಲಿ."

ಮತ್ತೆ ಮಂಜು. ಮತ್ತೆ ಬಾಗಿಲು. ಮುದುಕ ಮತ್ತೆ ಹೊರಗೆ ಬಂದ.

ಅರಬಾ ನಿಧಾನವಾಗಿ ಹೇಫ್ರನ್ ಕಡೆ ತಿರುಗಿದಳು. "ಹೇಫ್ರನ್ ಅವರೇ, ಆ ಬಾಡು ಅನ್ನೋ ಮುದುಕ ಬಾಗಿಲು ದಾಟುವಾಗೆಲ್ಲ ಏನ್ ಮಾಡ್ತಾನೆ?"

"ಏನ್ ಮಾಡ್ತಾನೆ? ದಾಟ್ತಾನೆ."

"ತಲೆ ತಗ್ಗಿಸ್ತಾನೆ. ಬಾಗಿಲು ಎಷ್ಟೇ ಎತ್ತರ ಇರ್ಲಿ, ತಲೆ ತಗ್ಗಿಸಿ, ಕಾಲು ಮೇಲೆತ್ತಿ ದಾಟ್ತಾನೆ. ನೀವು ಹೇಳ್ಕೊಟ್ಟಿದ್ದಾ ಅದು?"

"ಇಲ್ಲ. ಅವನೇ... ಅವನೇ ಮಾಡ್ಕೊಂಡಿದ್ದು. 'ಈ ಮುದುಕ ವಯಸ್ಸೆಲ್ಲ ಹಡಗಲ್ಲಿ ಕಳೆದವನು ಬಾಸ್, ಹಡಗಿನ ಬಾಗಿಲು ತಗ್ಗು, ಹೊಸ್ತಿಲು ಎತ್ತರ' ಅಂದಿದ್ದ. ನಾನು ಬೇಡ ಅಂದೆ. ಕೇಳ್ಲಿಲ್ಲ ಅವನು."

"ಕೇಳ್ಲಿಲ್ಲ. ಅಡುಗೆಮನೆ ಬಾಗಿಲಲ್ಲೂ ತಗ್ಗಿಸಿದ, ಮೆಟ್ಟಿಲ ಹತ್ರಾನೂ ತಗ್ಗಿಸಿದ. ನಾಯಕನಿಗೆ ಹೆದರಿ ಓಡುವಾಗ್ಲೂ ಬಿಡ್ಲಿಲ್ಲ. ಪ್ರೇಕ್ಷಕರಲ್ಲಿ ಒಬ್ಬರೂ ಗಮನಿಸ್ದೇ ಇದ್ರೂ ಅವನಿಗೆ ಚಿಂತೆ ಇರ್ಲಿಲ್ಲ. ಅಷ್ಟು ಹಟದ ನಟ ಕೊನೇ ಬಾಗಿಲಲ್ಲಿ ಮಾತ್ರ ತಲೆ ನೆಟ್ಟಗೆ ಹಿಡ್ಕೊಂಡು, ಕಾಲು ಎಳ್ಕೊಂಡು ಬರ್ತಾನಾ?"

ಹೇಫ್ರನ್ ಮತ್ತೆ ಗಡಿಯಾರ ನೋಡಿಕೊಂಡ.

"ಕೋಟಿನೊಳಗಿರೋದು ಬೆಂಟ್ಸಿಲ್ ಅಲ್ಲ," ಎಂದಳು ಅರಬಾ.

ಮಾನ್ಸಾ ಕುರ್ಚಿಯ ಬೆನ್ನು ಹಿಡಿದು ಎದ್ದಳು. "ಅಂಕಲ್?"

"ಇಷ್ಟು ವರ್ಷದ ಮೇಲೆ ಯಾರಿಗೆ ನೆನಪಿರತ್ತಮ್ಮಾ..."

"ನೀವು ಪೊಲೀಸರ ಮುಂದೆ ಹೇಳಿದ್ದು ಅಮ್ಮನಿಗೆ ನೆನಪಿದೆ, ನಂಗೂ ನೆನಪಿದೆ. ಬೆಳಗ್ಗೆ ಶಾಟ್ ಕೊಟ್ಟ, ಬಾಟ್ಲಿ ಎತ್ಕೊಂಡ, ಬಿದ್ದ. ಅದಕ್ಕೇ ಕುಟುಂಬದೋರು ಕೈಯೆತ್ತಿಬಿಟ್ರು. ಕುಡಿದು ನೀರಿಗೆ ಬಿದ್ದೋನಿಗೆ ಜಾಗರಣೆ ಇಲ್ಲ, ಡ್ರಮ್ ಇಲ್ಲ, ಹಾಡೋರಿಲ್ಲ. ಸ್ಮಶಾನದ ಬೇಲಿ ಆಚೆ ಹಾಕಿ ಬಂದ್ರು, ನಾಯಿ ಹಾಕಿದ ಹಾಗೆ! ಕಪ್ಪು ಕೆಂಪು ಸೂತಕದ ಬಟ್ಟೆ ತೆಗೆದು ಪೆಟ್ಟಿಗೇಲಿಟ್ಟಿದೀನಿ ಅಂಕಲ್. ಅಪ್ಪನ ಹೆಸರಿಗೆ ಒಂದು ದಿನ ಉಟ್ಕೋಬೇಕು ಅಂತ. ಹೇಳಿ, ಆ ಬೆಳಗ್ಗೆ ನಮ್ಮಪ್ಪ ಎಲ್ಲಿದ್ದ?"

ಹೇಫ್ರನ್ ಬಾಗಿಲ ಕಡೆ ನೋಡಿದ. ಮತ್ತೆ ಎದ್ದು ಹೋಗಿ ಬಡಿದ. "ಯಾರಿದೀರಿ? ತೆಗೀರಿ! ತೆಗೀರೋ!" ಡ್ರಮ್ಮುಗಳೇ ಉತ್ತರ ಕೊಟ್ಟವು. ಅವನ ಗರಿಗರಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅರಬಾ ಅವನ ಹಿಂದೆಯೇ ಹೋಗಿ ನಿಂತಳು. ದನಿ ಏರಿಸಲಿಲ್ಲ. "ಈ ಹಾಲ್‌ನೊಳಗೆ ಬಂದಾಗಿಂದ ನಿಮ್ಮ ಜೀವ ಚಡಪಡಿಸ್ತಾ ಇದೆ. ಬೀಗ ಬೀಳೋದಕ್ಕೆ ಮುಂಚೆಯಿಂದಾನೂ. ಯಾಕೆ?"

ಅವನು ಬಾಗಿಲಿಗೆ ಒರಗಿಕೊಂಡೇ ನೆಲಕ್ಕೆ ಜಾರಿ ಕೂತ.

"ಇಲ್ಲಿದ್ದ," ಎಂದ. "ನಿಮ್ಮಪ್ಪ ಇಲ್ಲೇ ಇದ್ದ ಮಾನ್ಸಾ. ಇದೇ ಹಾಲ್‌ನಲ್ಲಿ. ಇದೇ ಬೀಗ ಹಾಕಿ ನಾನೇ ಕೂಡಿಹಾಕಿದ್ದೆ."

ಮಾನ್ಸಾ ಅವನ ಎದುರಿಗೆ ಬಂದು ನಿಂತಳು.

"ಒಂದೇ ಒಂದು ಶಾಟ್ ಬಾಕಿ ಇತ್ತು. ಅವತ್ತು ಸಂಜೆ ಬಂದು, 'ನಾನು ಹೊರಟೆ, ಗಡಿ ಆಚೆ ಅಬಿಜಾನ್ ನಾಟಕದೋರು ಕರೆದಿದಾರೆ' ಅಂದ. ಕೈಕಾಲು ಹಿಡಿದೆ. ಕೇಳ್ಲಿಲ್ಲ. ಆಗ ಈ ಹಾಲ್‌ನಲ್ಲಿ ನಮ್ಮ ಬಟ್ಟೆಬರೆ, ಸಾಮಾನು ಇಡ್ತಿದ್ವಿ. ಕೋಟು ಹಾಕಿ ನೋಡು ಅಂತ ಒಳಗೆ ಕರ್ಕೊಂಡು ಬಂದು, ಹೊರಗಿಂದ ಬೀಗ ಒತ್ತಿಬಿಟ್ಟೆ. ಬೆಳಗ್ಗೆ ಶಾಟ್ ಮುಗಿಸ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗ್ಲಿ ಅಂತ. ಅಷ್ಟೇ ನನ್ನ ತಪ್ಪು."

"ಬೆಳಗ್ಗೆ?"

"ಬೆಳಗ್ಗೆ ಬಂದು ನೋಡಿದ್ರೆ ಬೀಗ ಹಾಕಿದ ಹಾಗೇ ಇದೆ. ಒಳಗೆ ಅವನಿಲ್ಲ. ಕೋಟು ಮೊಳೆಗೆ ನೇತಾಡ್ತಾ ಇತ್ತು."

"ಹಾಗಾದ್ರೆ ಅದನ್ನ ಹಾಕ್ಕೊಂಡು ನಡೆದಿದ್ದು ಯಾರು?"

"ನಾನು," ಎಂಬ ದನಿ ಮೇಲಿಂದ ಬಂತು.

ಪ್ರೊಜೆಕ್ಟರಿನ ಸದ್ದು ನಿಂತಿತ್ತು. ಟರ್ಕ್ಸನ್ ಕಬ್ಬಿಣದ ಏಣಿಯಿಂದ ಒಂದೊಂದೇ ಕಾಲಿಟ್ಟು ಇಳಿದು ಬಂದ. ಉದ್ದನೆಯ ಆಳು, ಬೆಂಟ್ಸಿಲ್‌ನಷ್ಟೇ ಎತ್ತರ. ಆಗ ಅವನು ಶೂಟಿಂಗಿನಲ್ಲಿ ದೀಪ ಹಿಡಿಯುವ ಕೆಲಸಕ್ಕಿದ್ದ.

"ಬಾಸ್ ಹೇಳಿದ್ರು, ಹಾಕ್ಕೊಂಡೆ, ನಡೆದೆ. ನಂಗೇನು ಗೊತ್ತು ಮೇಡಂ, ತಲೆ ತಗ್ಗಿಸ್ಬೇಕು ಅಂತ? ಶಾಟ್ ಮುಗಿದ ಮೇಲೆ ಕೋಟು ತಂದು ಅದೇ ಮೊಳೆಗೆ ನೇತುಹಾಕ್ದೆ. ಬಾಸೇ ಬೀಗ ಒತ್ತಿದ್ರು. ಆಮೇಲೆ ರೀಲುಗಳನ್ನ ಅಕ್ರಾಕ್ಕೆ ತಗೊಂಡು ಹೋಗು ಅಂತ ಲಾರಿ ಹತ್ತಿಸಿದ್ರು. ಅಲ್ಲಿಂದ ಬೇರೆ ಕಡೆ ಕೆಲಸ ಕೊಡಿಸಿದ್ರು. ಊರಿಗೆ ವಾಪಸ್ ಬರೋ ಹೊತ್ತಿಗೆ ನನ್ನ ಕೂದಲು ಹಣ್ಣಾಗಿತ್ತು. ಬೆಂಟ್ಸಿಲ್ ನೀರಿಗೆ ಬಿದ್ದು ಸತ್ತ ಅಂದ್ರು. ಅತ್ತುಬಿಟ್ಟೆ. ಅಷ್ಟೇ ನಂಗೆ ಗೊತ್ತಿರೋದು."

"ಹೆಣ ಯಾರ್ದು ಅಂತ ಹೇಗೆ ಗೊತ್ತಾಯ್ತು ಅಂತ ಕೇಳ್ಲಿಲ್ವಾ ನೀನು?" ಅರಬಾ ಕೇಳಿದಳು.

"ಯಾಕೆ? ಮುಖ ನೋಡಿ..."

"ಮುಖ ಇರ್ಲಿಲ್ಲ," ಮಾನ್ಸಾ ಹೇಳಿದಳು. ಅವಳ ದನಿ ಈಗ ಬಹಳ ತಗ್ಗಿತ್ತು. "ಬಂಡೆಗೆ ಬಡಿದು ಬಡಿದು ಮೀನು ತಿಂದು ಏನೂ ಉಳಿದಿರ್ಲಿಲ್ವಂತೆ. ಕೋಟು ನೋಡಿ ಗುರುತು ಹಿಡಿದ್ರು. ತೋಳಲ್ಲಿ ಬೇರೆ ಬಣ್ಣದ ತೇಪೆ ಇತ್ತು. ಹೊಲಿದಿದ್ದು ಅಮ್ಮ."

ಟರ್ಕ್ಸನ್ ಒಮ್ಮೆ ಅವಳನ್ನು, ಒಮ್ಮೆ ಹೇಫ್ರನ್ನನನ್ನು ನೋಡಿದ.

"ಯಾವ ಕೋಟು?" ಎಂದ. "ನಾನು ನೇತುಹಾಕಿದ ಕೋಟಾ?"

ತಗಡು ಬಿಸಿಲಿಗೆ ಟಪ್ಪೆಂದು ಸಿಡಿಯಿತು.

"ಅಂಥದ್ದು ಇನ್ನೊಂದು ಇತ್ತಾ ಹೇಫ್ರನ್ ಅವರೇ?"

ಅವನು ತಲೆಯಾಡಿಸಿದ. ಇಲ್ಲ.

ಅರಬಾ ಒಂದೊಂದೇ ಮಾತನ್ನು ಅವನ ಮುಂದೆ ಇಟ್ಟಳು. "ಬೆಂಟ್ಸಿಲ್ ಬೆಳಗಾಗೋದ್ರೊಳಗೆ ಈ ಹಾಲ್ ಬಿಟ್ಟು ಹೋಗಿದ್ದ, ಕೋಟು ಇಲ್ಲೇ ಬಿಟ್ಟು. ಬೆಳಗ್ಗೆ ಕೋಟು ಟರ್ಕ್ಸನ್ ಮೈಮೇಲಿತ್ತು. ಆಮೇಲೆ ಮತ್ತೆ ಇದೇ ಬೀಗದ ಒಳಗಿತ್ತು. ಕೊನೆಗೆ ಸಿಕ್ಕಿದ್ದು ಹೆಣದ ಮೈಮೇಲೆ. ಅಂದ್ರೆ ಯಾರೋ ಬೀಗ ತೆಗೆದು, ಕೋಟು ಒಯ್ದು, ಹೆಣಕ್ಕೆ ತೊಡಿಸಿ ನೀರಿಗೆ ಹಾಕಿದಾರೆ. ಕುಡಿದು ಬಿದ್ದೋನಿಗೆ ಯಾರೂ ಕೋಟು ತೊಡಿಸಲ್ಲ. ಇದು ಕೊಲೆ."

"ನಾನಲ್ಲ!" ಹೇಫ್ರನ್ ಎದ್ದೇಬಿಟ್ಟ. "ನನ್ನ ಹತ್ರ ಕೀಲಿ ಇತ್ತು ಅಂತ ನಾನೇ ಆಗ್ಬಿಡ್ತೀನಾ? ಎರಡು ಕೀಲಿ ಇದ್ವು ಇನ್ಸ್‌ಪೆಕ್ಟರಮ್ಮ! ಎರಡು!"

"ಇನ್ನೊಂದು ಯಾರ ಹತ್ರ?"

ಅವನು ಮಾನ್ಸಾಳ ಕಡೆ ನೋಡಿದ.

"ಹೇಳಿ."

"ಬಟ್ಟೆಬರೆ ನೋಡ್ಕೊಳ್ತಿದ್ದೋರ ಹತ್ರ," ಎಂದ. "ಕೋಟಿಗೆ ತೇಪೆ ಹಾಕಿದೋಳ ಹತ್ರ. ನಿಮ್ಮಮ್ಮನ ಹತ್ರ."

ಮಾನ್ಸಾ ಎತ್ತಿದ ಕೈಯನ್ನು ಟರ್ಕ್ಸನ್ ಹಿಡಿದುಕೊಳ್ಳದಿದ್ದರೆ ಆ ಏಟು ಮುದುಕನ ಕೆನ್ನೆಗೇ ಬೀಳುತ್ತಿತ್ತು.

"ಥೂ ನಿನ್ನ! ಸಿಕ್ಕಿಹಾಕ್ಕೊಂಡೆ ಅಂತ ಈಗ ನಮ್ಮಮ್ಮನ ಮೇಲೆ ಹಾಕ್ತೀಯಾ?"

"ಹೆಣ ನೋಡಿ 'ಇವನೇ ನನ್ನ ಗಂಡ' ಅಂದಿದ್ದು ಯಾರು? ಕೇಳು ಹೋಗು! ಪೊಲೀಸರು ಕೇಳಿದಾಗ ಒಂದು ಹನಿ ಕಣ್ಣೀರು ಹಾಕಿದ್ಲಾ ಅವಳು? ಕೇಳು!"

ವಾರದ ಹಿಂದೆ ಅರಬಾ ಮಾನ್ಸಾಳ ತಾಯಿ ಮಾಮೆ ಎಕುವಾಳ ಮನೆಗೆ ಹೋಗಿದ್ದಳು. ಆಕೆ ಅಂಗಳದಲ್ಲಿ ಫುಫು ಮುದ್ದೆಗೆ ಬೇಯಿಸಿದ ಗೆಣಸು ಕುಟ್ಟುತ್ತಿದ್ದಳು. ಕೇಳಿದ ಪ್ರಶ್ನೆಗೆಲ್ಲ ಒನಕೆಯ ಏಟೇ ಉತ್ತರ. ಹೊರಡುವಾಗ ಮಾತ್ರ, "ಆ ಸಿನಿಮಾನ ಯಾವತ್ತು ಹಾಕ್ತೀರಿ? ಕ್ವಾಮೆನಾ ಹೇಫ್ರನ್ನೂ ಬರ್ತಾನಾ?" ಎಂದು ಕೇಳಿದ್ದಳು. ಹೆಂಡತಿಯ ಆಸೆ ಎಂದುಕೊಂಡು ಅರಬಾ ಎಲ್ಲವನ್ನೂ ಹೇಳಿ ಬಂದಿದ್ದಳು.

ಅಷ್ಟರಲ್ಲಿ ಡ್ರಮ್ಮುಗಳು ನಿಂತವು.

ಇದ್ದಕ್ಕಿದ್ದಂತೆ ಬಿದ್ದ ಮೌನದಲ್ಲಿ ಹೇಫ್ರನ್ ಬಾಗಿಲ ಮೇಲೆ ಎರಗಿದ. "ಯಾರಾದ್ರೂ ಇದೀರಾ? ಬಾಗಿಲು ತೆಗೀರಿ! ನಾನು ಹೇಫ್ರನ್!"

"ಗೊತ್ತು," ಎಂದಿತು ಹೊರಗಿನ ದನಿ. "ಇಲ್ಲೇ ಇದೀನಿ."

ಮಾನ್ಸಾ ಬೆಚ್ಚಿದಳು. "ಮಾಮೆ?"

"ಹೆದರ್ಬೇಡ ಮಗಳೇ. ಬೀಗ ಒತ್ತಿದ್ದು ನಾನೇ. ಅವನು ಯಾವತ್ತೂ ಒಂದ್ಕಡೆ ನಿಂತು ಉತ್ತರ ಕೊಟ್ಟೋನಲ್ಲ. ಇವತ್ತಾದ್ರೂ ನಿಲ್ಲಲಿ ಅಂತ. ಇನ್ಸ್‌ಪೆಕ್ಟರಮ್ಮಾ, ಎಲ್ಲಿವರೆಗೆ ಹೇಳ್ದ?"

ಅರಬಾ ಬಾಗಿಲ ಸಂದಿಗೆ ಬಾಯಿ ಹತ್ತಿರ ತಂದಳು. "ಇನ್ನೊಂದು ಕೀಲಿ ನಿಮ್ಮ ಹತ್ರ ಇತ್ತು ಅಂತ."

"ಇತ್ತು. ಈಗ್ಲೂ ಇದೆ. ಅವತ್ತು ರಾತ್ರಿ ಬೀಗ ತೆಗೆದಿದ್ದೂ ನಾನೇ. ನನ್ನ ಗಂಡ ತನ್ನ ಕಾಲ ಮೇಲೆ ನಡ್ಕೊಂಡು ಹೊರಗೆ ಬಂದ. ಬೆಳಗಿನ ಜಾವಕ್ಕೆ ಗಡಿ ಕಡೆ ಹೋಗೋ ಲಾರಿ ಹತ್ತಿಸಿದೆ. ಅದಕ್ಕೇ ಹೆಣದ ಮುಂದೆ ನಂಗೆ ಅಳು ಬರ್ಲಿಲ್ಲ ಕ್ವಾಮೆನಾ."

ಮಾನ್ಸಾ ಬಾಗಿಲ ಕಡೆ ನುಗ್ಗಿದಳು. ಟರ್ಕ್ಸನ್ ಅವಳನ್ನು ಹಿಡಿದುಕೊಂಡ.

"ಹಾಗಾದ್ರೆ ಅಪ್ಪನ ಗೋರೀಲಿ ಮಲಗಿರೋದು ಯಾರು ಮಾಮೆ?"

"ಅದನ್ನ ಅವನೇ ಹೇಳ್ಬೇಕು. ಕೋಟು ತೊಡಿಸಿದ ಕೈ ಅವನ್ದು. ನಾನು ಸುಳ್ಳು ಹೇಳಿದ್ದು ಯಾಕೆ ಅಂದ್ರೆ, ನನ್ನ ಗಂಡ ಸತ್ತಿದಾನೆ ಅಂತ ಊರು ನಂಬಿದ್ರೆ ಇವನು ಸುಮ್ಮನಾಗ್ತಾನೆ, ಹುಡುಕಲ್ಲ ಅಂತ. ನನ್ನ ಗಂಡ ಅಬಿಜಾನ್‌ಗೆ ಹೊರಟಿದ್ದು ನಾಟಕ ಆಡೋಕೆ ಅಂತ ಹೇಳಿದ್ನಾ ನಿಮಗೆ? ಇವನ ಕೈಯಲ್ಲಿ ಯಾರ ಜೀವ ಹೋಗಿದ್ದು ನೋಡಿ ಹೊರಟ ಅಂತ ಹೇಳಿದ್ನಾ?"

ಅರಬಾ ತಿರುಗಿ ನೋಡಿದಳು. ಹೇಫ್ರನ್ನನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಇಷ್ಟು ಹೊತ್ತು ಆ ಬಾಗಿಲಿಗೆ ಅಂಟಿಕೊಂಡಿದ್ದವನು ಈಗ ಅದರಿಂದ ಹಿಂದೆ ಹಿಂದೆ ಸರಿಯುತ್ತಿದ್ದ.

ಹೊರಗೆ ಒಂದು ಕೆಮ್ಮು ಕೇಳಿಸಿತು. ಗಂಡಸಿನ ಕೆಮ್ಮು, ವಯಸ್ಸಾದವನದು.

"ನಿನ್ನ ಜೊತೆ ಯಾರಿದಾರೆ ಎಕುವಾ?" ಹೇಫ್ರನ್ ಕೇಳಿದ.

ಕೀಲಿ ಬೀಗದೊಳಗೆ ತಡವುತ್ತಾ ಇಳಿಯುವ ಸದ್ದು ಮಾತ್ರ ಬಂತು.

"ತೆಗೀಬೇಡ," ಎಂದ ಹೇಫ್ರನ್. ಕುರ್ಚಿಗಳಿಗೆ ಎಡವುತ್ತಾ ಪರದೆಯವರೆಗೂ ಹಿಂದೆ ಹೋಗಿದ್ದ. "ಎಕುವಾ, ನಿನ್ನ ಕಾಲಿಗೆ ಬೀಳ್ತೀನಿ, ಎಲ್ಲಾ ಹೇಳ್ತೀನಿ. ಒಳಗೇ ಇರ್ತೀನಿ. ಬಾಗಿಲು ತೆಗೀಬೇಡ!"

ಮಾನ್ಸಾ ಟರ್ಕ್ಸನ್ನನ ಕೈ ಬಿಡಿಸಿಕೊಂಡಳು. ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ನೇರವಾಗಿ ಬಂದು ನಿಂತಳು.

"ತೆಗಿ ಮಾಮೆ," ಎಂದಳು.